ಹಳೇ ಮನೆಯೊಳಗೆ ಹೊಸ ಚಿತ್ರ: ಮಂಗಳೂರಿನಲ್ಲಿ ಆರ್ಟ್ ಗ್ಯಾಲರಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಚಿತ್ರ ಪ್ರದರ್ಶನ ಇದೆ ಬನ್ನಿ ಅಂದರೆ ಸಾಕು, ಗೆಳೆಯರು, ಆಫೀಸಿನವರು, ಪಕ್ಕದ ಮನೆ ಅಕ್ಕ ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅಂತ ಇದು.

ಯಾವ ಗ್ಯಾಲರಿ ಬಗ್ಗೆ ಹೇಳ್ತಾ ಇದ್ದೀರಿ?

ಮುಖ್ಯವಾಗಿ ಬಲ್ಲಾಳ್‌ಬಾಗ್ ಹತ್ತಿರದ ಕೊಡಿಯಾಲ್‌ಗುತ್ತು ಕಲೆ ಮತ್ತು ಸಂಸ್ಕೃತಿ ಕೇಂದ್ರದ ಬಗ್ಗೆ. ಹೆಸರೇ ಹೇಳುವಂತೆ ಅದು ಗುತ್ತಿನ ಮನೆ, ಅಂದರೆ ತುಳುನಾಡಿನ ಹಳೇ ಜಮೀನ್ದಾರಿ ಮನೆತನದ ಮನೆ. ಹಳೇ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಊರಿನಲ್ಲಿ ಅದನ್ನು ಉಳಿಸಿಕೊಂಡು, ಅದರೊಳಗೆ ಚಿತ್ರ ಪ್ರದರ್ಶನ, ಮಾತುಕತೆ, ಕಾರ್ಯಾಗಾರ ಎಲ್ಲ ನಡೆಸುತ್ತಾರೆ. ಪಾರಂಪರಿಕ ಕಟ್ಟಡಗಳ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕದ ಕಾರ್ಯಕ್ರಮಗಳೂ ಇಲ್ಲಿ ಆಗುತ್ತವೆ. ಆದರೆ ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಪಾಲು ಯಾವುದೇ ಹಳೇ ಕಟ್ಟಡದ ಗ್ಯಾಲರಿಗೂ ಹೊಂದುತ್ತದೆ.

ಟಿಕೆಟ್ ಎಷ್ಟು?

ನಮ್ಮೂರಿನ ಚಿತ್ರ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಕಾರ್ಯಾಗಾರಕ್ಕಾದರೆ ಶುಲ್ಕ ಇರಬಹುದು, ಮೊದಲೇ ಹೆಸರು ಕೊಡಬೇಕಾಗಬಹುದು. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ, ಹೆಸರು ಬರೆಯಿರಿ ಅಂತಾರೆ, ಅಷ್ಟೇ.

ಯಾವಾಗ ತೆರೆದಿರುತ್ತದೆ?

ಇಲ್ಲೇ ಜನ ಎಡವುವುದು. ಇದು ಮಾಲ್ ಅಲ್ಲ, ವರ್ಷವಿಡೀ ಒಂದೇ ಸಮಯ ಅಂತ ಇಲ್ಲ. ಪ್ರದರ್ಶನ ಇದ್ದಾಗ ಪೋಸ್ಟರಿನಲ್ಲಿ ಹಾಕಿದ ದಿನಾಂಕ ಮತ್ತು ಸಮಯವೇ ಲೆಕ್ಕ. ಎರಡು ಪ್ರದರ್ಶನಗಳ ನಡುವೆ ಗೋಡೆ ಖಾಲಿ ಇರುತ್ತದೆ. ಸುಮ್ನೆ ದಾರಿಯಲ್ಲಿ ಹೋಗುವಾಗ ನುಗ್ಗಿ ನೋಡೋಣ ಅಂದುಕೊಂಡರೆ ಗೇಟು ನೋಡಿ ವಾಪಸ್ ಬರಬೇಕಾದೀತು. ಉದ್ಘಾಟನೆಯ ದಿನ ಹೋಗಬೇಡಿ ಅನ್ನುವುದು ನನ್ನ ಸಲಹೆ. ಆ ದಿನ ಭಾಷಣ, ಶಾಲು, ಫೋಟೋ ಇರುತ್ತದೆ. ಚಿತ್ರದ ಮುಂದೆ ಜನ ಬೆನ್ನು ಹಾಕಿ ನಿಂತು ಮಾತಾಡುತ್ತಿರುತ್ತಾರೆ. ವಾರದ ನಡುವೆ ಯಾವುದಾದರೂ ದಿನ, ಊಟ ಮುಗಿಸಿ ಹೋಗಿ. ಇಡೀ ಮನೆ ನಿಮ್ಮದೇ.

ಹೋಗುವುದು ಹೇಗೆ? ಪಾರ್ಕಿಂಗ್ ಇದೆಯಾ?

ಸ್ಟೇಟ್‌ಬ್ಯಾಂಕ್ ಅಥವಾ ಹಂಪನಕಟ್ಟೆಯಿಂದ ಲಾಲ್‌ಬಾಗ್ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಬಲ್ಲಾಳ್‌ಬಾಗ್‌ನಲ್ಲಿ ಇಳಿದು ನಡೆಯಿರಿ. ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿದವರಿಗೆ ಆಟೋ ಸಾಕು. ಕಾರು ತರಬೇಡಿ ಅಂತ ಹೇಳಿದರೂ ತರುತ್ತೀರಿ, ಗೊತ್ತು. ಹಳೇ ಮನೆಗಳಿಗೆ ಹೋಗುವ ದಾರಿಗಳು ಕಾರಿಗಾಗಿ ಮಾಡಿದ್ದಲ್ಲ. ಸ್ಕೂಟರ್ ಆರಾಮ.

ನನಗೆ ಮಾಡರ್ನ್ ಆರ್ಟ್ ಒಂದು ಚೂರೂ ಅರ್ಥ ಆಗಲ್ಲ. ಬಂದು ಏನು ಮಾಡಲಿ?

ಕರಾವಳಿಯವರು ಈ ಮಾತು ಹೇಳಿದಾಗ ನನಗೆ ನಗು ಬರುತ್ತದೆ.

ಯಕ್ಷಗಾನದ ಬಣ್ಣದ ವೇಷ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟಿ, ಅಂದರೆ ಮುಳ್ಳಿನಂಥ ಉಬ್ಬು ಚುಕ್ಕೆ, ಇಟ್ಟು, ಕೆಂಪು ಕಪ್ಪು ಬಳಿದು, ಮನುಷ್ಯನ ಮುಖವೇ ಕಾಣದ ಹಾಗೆ ಮಾಡಿರುತ್ತಾರೆ. ರಾಕ್ಷಸನ ಮುಖ ನಿಜಕ್ಕೂ ಹೀಗಿರುತ್ತದಾ ಅಂತ ಯಾರಾದರೂ ಕೇಳಿದ್ದುಂಟಾ? ತೆರೆ ಸರಿಯುವ ಹೊತ್ತಿಗೆ ಎಂಟು ವರ್ಷದ ಮಗುವಿಗೂ ಅದು ಯಾರು, ಎಂಥವನು ಅಂತ ಗೊತ್ತಾಗಿರುತ್ತದೆ. ನಾಗನ ಆರಾಧನೆಯಾದ ನಾಗಮಂಡಲದಲ್ಲಿ ಬಿಳಿ, ಕೆಂಪು, ಹಳದಿ, ಹಸಿರು, ಕಪ್ಪು, ಈ ಐದು ಬಣ್ಣದ ಪುಡಿಯಲ್ಲಿ ನೆಲದ ತುಂಬ ಸುತ್ತಿಕೊಂಡ ಹಾವಿನ ಗಂಟು ಬರೆಯುತ್ತಾರಲ್ಲ, ಅದರಲ್ಲಿ ನಿಜದ ಹಾವು ಎಷ್ಟು, ಗೆರೆಯ ಆಟ ಎಷ್ಟು? ಎಲ್ಲಿ ಶುರು, ಎಲ್ಲಿ ಕೊನೆ ಅಂತ ಕಣ್ಣಿಗೆ ಸಿಗುವುದೇ ಇಲ್ಲ. ಆ ಗೆರೆಗಳನ್ನು ನೋಡುತ್ತ ಬೆಳೆದ ಕಣ್ಣು, ಕ್ಯಾನ್ವಾಸ್ ಮೇಲಿನ ಗೆರೆ ನೋಡಿದ ಕೂಡಲೇ ಹೆದರುವುದು ಯಾಕೆ? ಅಭ್ಯಾಸ ಇಲ್ಲದ್ದು ಚಿತ್ರವಲ್ಲ, ಆ ಜಾಗ. ಬಿಳಿ ಗೋಡೆ, ಏಸಿ, ಪಿಸುಮಾತು ಇದೆಲ್ಲ ಸೇರಿ ನಾವು ಪರೀಕ್ಷೆಗೆ ಬಂದಂತೆ ಆಗುತ್ತದೆ. ಗುತ್ತಿನ ಮನೆಯ ಚಾವಡಿಯಲ್ಲಿ ಆ ಹೆದರಿಕೆ ಅರ್ಧ ಕಡಿಮೆ. ಅಜ್ಜಿ ಮನೆಯ ಜಗಲಿ ಹತ್ತಿದವರಿಗೆ ಅಲ್ಲಿ ಕಾಲು ಎಲ್ಲಿ ಇಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಈ ಗ್ಯಾಲರಿಯ ಪರವಾಗಿ ಇಷ್ಟು ಮಾತಾಡುವುದಕ್ಕೆ ಇದೇ ಮುಖ್ಯ ಕಾರಣ.

ಏನು ಮಾಡಲಿ ಅನ್ನುವವರಿಗೆ ಒಂದು ಸರಳ ಉಪಾಯ: ಎಲ್ಲ ಚಿತ್ರವನ್ನೂ ನೋಡಲೇಬೇಕು ಅಂತಿಲ್ಲ. ಒಂದು ಸುತ್ತು ಬೇಗ ನಡೆಯಿರಿ. ಕಾಲು ತಾನಾಗಿ ನಿಂತ ಚಿತ್ರದ ಹತ್ತಿರ ವಾಪಸ್ ಬನ್ನಿ. ಅದನ್ನು ಮೊದಲು ದೂರದಿಂದ, ಆಮೇಲೆ ಒಂದು ಮಾರು ಅಂತರದಿಂದ ನೋಡಿ. ಹೆಸರಿನ ಚೀಟಿಯನ್ನು ಕೊನೆಗೆ ಓದಿ. ಮೊದಲೇ ಓದಿದರೆ ಚಿತ್ರ ಬಿಟ್ಟು ಹೆಸರನ್ನೇ ಹುಡುಕುತ್ತೀರಿ.

"ಇದನ್ನು ನಮ್ಮ ಮಗನೂ ಬಿಡಿಸ್ತಾನೆ." ನಿಜ ಅಲ್ವಾ?

ಕೆಲವು ಸಲ ನಿಜ. ಪ್ರದರ್ಶನದಲ್ಲಿ ಇಟ್ಟ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಬಣ್ಣ ಚೆಲ್ಲಿ ಆಳವಾದ ಹೆಸರು ಕೊಟ್ಟ ಕೆಲಸಗಳನ್ನು ನಾನೂ ನೋಡಿದ್ದೇನೆ, ಇಷ್ಟವಾಗಿಲ್ಲ, ಮುಂದೆ ಹೋಗಿದ್ದೇನೆ. ಆದರೆ ಆ ಮಾತು ಹೇಳುವ ಮೊದಲು ಅದೇ ಕಲಾವಿದರ ಪಕ್ಕದ ಎರಡು ಮೂರು ಚಿತ್ರ ನೋಡಿ. ಒಂದೇ ವಿಷಯದ ಹಿಂದೆ ಬಿದ್ದಿದ್ದಾರಾ, ಏನನ್ನೋ ಬಿಡುತ್ತ ಬಂದಿದ್ದಾರಾ ಅನ್ನುವುದು ಆಗ ಗೊತ್ತಾಗುತ್ತದೆ.

ಇದಕ್ಕೆ ನಮ್ಮೂರಿನದೇ ಒಳ್ಳೆ ಉದಾಹರಣೆ ಚಿತ್ರಕಾರ ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿ, ಆಮೇಲೆ ಪ್ಯಾರಿಸ್‌ಗೂ ಹೋಗಿ ಕಲಿತರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ತೀರಿಕೊಂಡರು. ಅವರ ಗೆರೆಯ ಚಿತ್ರಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕುಣಿಯುವ ಹೆಂಗಸು ಅಂತ ಇಟ್ಟುಕೊಳ್ಳಿ. ಹೆಗಲಿನಿಂದ ಹೊರಟ ಗೆರೆ ಸೊಂಟದ ಹತ್ತಿರ ತೆಳ್ಳಗಾಗಿ, ಮೊಣಕಾಲಿಗೆ ಬರುವಾಗ ಮತ್ತೆ ದಪ್ಪವಾಗಿ, ಪಾದ ಬರುವ ಮೊದಲೇ ನಿಂತುಬಿಡುತ್ತದೆ. ಪಾದ ಬರೆದೇ ಇಲ್ಲ. ಆದರೂ ಕಾಲು ನೆಲಕ್ಕೆ ತಟ್ಟಿದ್ದು ನಮಗೆ ಗೊತ್ತಾಗುತ್ತದೆ. ಲಯ ಹಿಡಿಯಲಿಕ್ಕೆ ಅಂತ ಅವರು ಕಥಕ್ ಕೂಡ ಕಲಿತಿದ್ದರು. ನಾಲ್ಕು ಗೆರೆಯ ಹಿಂದೆ ಇಷ್ಟೆಲ್ಲ ಇರುತ್ತದೆ ಮಾರಾಯ್ರೆ.

ಹಳೇ ಮನೆಯಲ್ಲೇ ಯಾಕೆ? ಹೊಸ ಹಾಲ್ ಕಟ್ಟಿದರೆ ಬೆಳಕು, ಜಾಗ ಎಲ್ಲ ಸರಿ ಇರುತ್ತದಲ್ವಾ?

ಇರುತ್ತದೆ. ಚಿತ್ರ ತೂಗು ಹಾಕುವವರ ಕಷ್ಟ ಕೇಳಿದರೆ ಅವರೂ ಹೊಸ ಹಾಲೇ ಬೇಕು ಅಂದಾರು. ನಮ್ಮ ಕಡೆಯ ಹಳೇ ಮನೆಗಳ ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಕಲ್ಲು. ಮೇಲೆ ಸುಣ್ಣದ ಗಾರೆ. ಅದಕ್ಕೆ ಮೊಳೆ ಹೊಡೆದರೆ ಮೊಳೆ ನಿಲ್ಲುವುದಕ್ಕಿಂತ ಗಾರೆ ಉದುರುವುದೇ ಜಾಸ್ತಿ. ಹಾಗಾಗಿ ಇಂಥ ಕಡೆ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಮೇಲೆ ಒಂದು ಪಟ್ಟಿ ಹಾಕಿ, ಅದರಿಂದ ತೆಳ್ಳಗಿನ ತಂತಿ ಇಳಿಬಿಟ್ಟು ಚಿತ್ರ ತೂಗಿಸುವುದು, ಇಲ್ಲವೇ ನೆಲದ ಮೇಲೆ ನಿಲ್ಲುವ ಹಲಗೆ ಇಟ್ಟು ಅದಕ್ಕೆ ಹಾಕುವುದು ರೂಢಿ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರಕ್ಕೆ ಬರುವಂತೆ ಹಾಕುತ್ತಾರೆ, ನಿಂತವರ ಕಣ್ಣಿಗೆ ನೇರವಾಗಲಿ ಅಂತ. ಹಳೇ ಕೋಣೆಯಲ್ಲಿ ಕಿಟಕಿ ಒಂದು ಎತ್ತರ, ಗೂಡು ಇನ್ನೊಂದು ಎತ್ತರ, ನೆಲ ಸ್ವಲ್ಪ ವಾಲಿರುತ್ತದೆ. ಸಾಲು ನೇರ ಬರಿಸುವುದರೊಳಗೆ ಬೆವರು ಇಳಿಯುತ್ತದೆ.

ಆದರೂ ಅಲ್ಲೇ ಯಾಕೆ ಅಂದರೆ, ಹಳೇ ಮನೆ ಉಳಿಯಬೇಕಾದರೆ ಅದಕ್ಕೆ ಕೆಲಸ ಬೇಕು. ಬಾಗಿಲು ಹಾಕಿಟ್ಟ ಹೆಂಚಿನ ಮನೆ ನಮ್ಮ ಮಳೆಗೆ ಜಾಸ್ತಿ ವರ್ಷ ಬಾಳುವುದಿಲ್ಲ. ಒಂದು ಹೆಂಚು ಜಾರಿದರೆ ಸಾಕು, ನೀರು ಹೆಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪಿಗೆ ಇಳಿಯುತ್ತದೆ, ರೀಪಿನಿಂದ ಅದನ್ನು ಹೊತ್ತ ಪಕ್ಕಾಸಿಗೆ, ಅಲ್ಲಿಂದ ಗೋಡೆಗೆ. ಗೆದ್ದಲು ಹಿಂದೆಯೇ ಬರುತ್ತದೆ. ಜನ ಓಡಾಡುವ ಮನೆಯಲ್ಲಿ ಜಾರಿದ ಹೆಂಚು ಮರುದಿನವೇ ಯಾರದೋ ಕಣ್ಣಿಗೆ ಬೀಳುತ್ತದೆ. ಹೋಟೆಲ್ ಮಾಡಿದರೂ ಮನೆ ಉಳಿಯುತ್ತದೆ ನಿಜ. ಆದರೆ ಅಡುಗೆಮನೆ, ಪೈಪು, ಏಸಿ ಅಂತ ಗೋಡೆ ಕೊರೆಯುತ್ತಾರೆ. ಚಿತ್ರ ಪ್ರದರ್ಶನ ಮನೆಯನ್ನು ಅಷ್ಟು ಕೊರೆಯುವುದಿಲ್ಲ.

ನನ್ನದೊಂದು ತಕರಾರೂ ಇದೆ. ಕೆಲವು ಪ್ರದರ್ಶನಗಳಲ್ಲಿ ಚಿತ್ರಕ್ಕಿಂತ ಮನೆಯೇ ಚೆನ್ನಾಗಿರುತ್ತದೆ. ಕೆತ್ತನೆ ಕಂಬದ ಪಕ್ಕ ದುರ್ಬಲ ಚಿತ್ರ ಹಾಕಿದರೆ ಪಾಪ ಚಿತ್ರ ಸೋಲುತ್ತದೆ. ಜಾಗ ನೋಡಿ ಚಿತ್ರ ಆಯ್ದ ಪ್ರದರ್ಶನ ಯಾವುದು, ತಂದಿದ್ದನ್ನೆಲ್ಲ ನೇತುಹಾಕಿದ್ದು ಯಾವುದು ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಮನೆಯಲ್ಲಿ ಏನೇನು ನೋಡಬೇಕು?

ಮೊದಲು ತಲೆ ಎತ್ತಿ. ಮಂಗಳೂರು ಹೆಂಚು ಅಂತ ದೇಶವೆಲ್ಲ ಕರೆಯುವ ಹೆಂಚು ಹುಟ್ಟಿದ್ದು ಇಲ್ಲೇ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ಬಂದರು ಎಲ್ಲ ಹತ್ತಿರವೇ ಇತ್ತು. 1868ರಲ್ಲಿ ಅಲ್ಬುಕರ್ಕ್ ಕಾರ್ಖಾನೆಯೂ ಬಂತು. ಕಂಪನಿ ಹೆಸರು, ಇಸವಿ ಹೆಂಚಿನ ಮೈಮೇಲೆ ಅಚ್ಚೊತ್ತಿರುತ್ತದೆ. ಹೆಂಚಿನ ಮೇಲೆ 1865 ಅಂತ ಇದ್ದರೆ ಮನೆ ಆ ವರ್ಷದ್ದು ಅಂದುಕೊಳ್ಳಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಈ ತಪ್ಪು ಲೆಕ್ಕದಿಂದ ತಮ್ಮ ಮನೆಗೆ ಐವತ್ತು ವರ್ಷ ಜಾಸ್ತಿ ವಯಸ್ಸು ಕೊಟ್ಟವರು ಊರಲ್ಲಿ ಎಷ್ಟೋ ಜನ ಇದ್ದಾರೆ.

ಆಮೇಲೆ ಕೆಳಗೆ. ಹಳೇ ಮನೆಗಳಲ್ಲಿ ಕೆಂಪು ಕಾವಿ ನೆಲ, ಅಂಚಿಗೆ ಕಪ್ಪು ಪಟ್ಟಿ ಸಾಮಾನ್ಯ. ವರ್ಷಗಟ್ಟಲೆ ಒರೆಸಿ ಒರೆಸಿ ಹೊಳಪು ಬಂದಿರುತ್ತದೆ. ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಗಾಜಿನ ಹೆಂಚು ಇರುವ ಕೋಣೆ ಸಿಕ್ಕಿದರೆ ಸ್ವಲ್ಪ ಹೊತ್ತು ನಿಲ್ಲಿ. ಆ ಒಂದು ಹೆಂಚಿನಷ್ಟೇ ಅಗಲದ ಬಿಸಿಲು ನೆಲದ ಮೇಲೆ ಬಿದ್ದು, ಹೊತ್ತು ಏರಿದ ಹಾಗೆ ಜರುಗುತ್ತ ಗೋಡೆ ಹತ್ತುತ್ತದೆ. ಅದು ಎಲ್ಲಿ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡೇ ಚಿತ್ರ ಹಾಕಬೇಕು. ಜಲವರ್ಣದ ಮೇಲೆ ದಿನಾ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಕಾಗದದ ಮೇಲಿನ ಕೆಲಸಕ್ಕೆ ಮ್ಯೂಸಿಯಂಗಳಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಮಾತ್ರ ಇಡುತ್ತಾರೆ. ಅದಕ್ಕೇ ಕೆಲವು ಕೋಣೆ ಮಬ್ಬಾಗಿರುವುದು, ಕರೆಂಟ್ ಉಳಿಸಲಿಕ್ಕಲ್ಲ.

ಚಪ್ಪಲಿ ತೆಗೆಯಬೇಕಾ?

ಹೊಸ್ತಿಲಲ್ಲಿ ಚಪ್ಪಲಿ ಸಾಲು ಕಂಡರೆ ತೆಗೆಯಿರಿ, ಇಲ್ಲದಿದ್ದರೆ ಕೇಳಿ. ಮಳೆಗಾಲದಲ್ಲಿ ಕೇಳದೆಯೂ ತೆಗೆದರೆ ಒಳ್ಳೆಯದು, ಒದ್ದೆ ಕಾವಿ ನೆಲ ಜಾರುತ್ತದೆ. ಕೊಡೆ ಹೊರಗೆ.

ಚಿತ್ರ ಮುಟ್ಟಬಹುದಾ?

ಬೇಡ. ಬೆರಳಿನ ಬೆವರು, ಎಣ್ಣೆ ಅಲ್ಲೇ ಉಳಿದು ಆಮೇಲೆ ಕಲೆಯಾಗುತ್ತದೆ. ಎಣ್ಣೆಬಣ್ಣ ಮೇಲೆ ಒಣಗಿದ ಹಾಗೆ ಕಂಡರೂ ದಪ್ಪ ಬಳಿದಲ್ಲಿ ಒಳಗೆ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು. ಶಿಲ್ಪವನ್ನಾದರೂ ಮುಟ್ಟಲಾ ಅಂತ ಕೇಳುವವರಿದ್ದಾರೆ. ಕಲಾವಿದರು ಹೂಂ ಅಂದರೆ ಮುಟ್ಟಿ. ಮನೆಯ ಕಂಬವನ್ನು ಬೇಕಾದರೆ ಸವರಿ, ಅದು ಅಂಥದ್ದನ್ನೆಲ್ಲ ಕಂಡಿದೆ.

ಫೋಟೋ, ರೀಲ್ಸ್?

ಒಂದು ಮಾತು ಕೇಳಿ ತೆಗೆಯಿರಿ. ಫ್ಲಾಶ್ ಬೇಡ. ಹಾಕುವಾಗ ಕಲಾವಿದರ ಹೆಸರು ಬರೆಯಿರಿ. ಚಿತ್ರದ ಮುಂದೆ ನಿಂತು ಸೀರೆ ಫೋಟೋಶೂಟ್ ಮಾಡುವವರಿಗೆ ನನ್ನ ಕೈಮುಗಿದ ವಿನಂತಿ, ಜಗಲಿಯಲ್ಲಿ ಮಾಡಿ. ಅಲ್ಲಿ ಬೆಳಕೂ ಚೆನ್ನಾಗಿರುತ್ತದೆ.

ಮಳೆಗಾಲದಲ್ಲಿ ಬರಬಹುದಾ? ಆಗ ಚಿತ್ರಗಳಿಗೆ ಏನಾಗುತ್ತದೆ?

ನೀವು ಬರಬಹುದು, ಚಿತ್ರಗಳಿಗೆ ಕಷ್ಟ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮ್ಯೂಸಿಯಂನವರು ಗಾಳಿಯ ತೇವ ಶೇಕಡ 50ರ ಆಸುಪಾಸು ಇರಲಿ ಅಂತ ಬಯಸುತ್ತಾರೆ. ನಮ್ಮಲ್ಲಿ ಜುಲೈನಲ್ಲಿ ಅದು 90 ದಾಟುವುದು ಮಾಮೂಲು. ಹಪ್ಪಳ ಮೆತ್ತಗಾಗುವ ಹವೆಯಲ್ಲಿ ಕಾಗದ ನೆಟ್ಟಗೆ ನಿಲ್ಲುತ್ತದಾ? ಅದು ಉಬ್ಬಿ ಅಲೆ ಅಲೆಯಾಗುತ್ತದೆ. ಅಂಟು, ಗಂಜಿ, ಧೂಳು ಸಿಕ್ಕಿದ ಕಡೆ ಬೂಷ್ಟು ಹಿಡಿಯುತ್ತದೆ. ಫ್ರೇಮಿನ ಗಾಜಿಗೆ ಕಾಗದ ತಾಗಿದ್ದರೆ ಅಲ್ಲೇ ಅಂಟಿಕೊಂಡು, ತೆಗೆಯುವಾಗ ಬಣ್ಣವೂ ಎದ್ದು ಬರುತ್ತದೆ. ಅದಕ್ಕೇ ಚಿತ್ರದ ಸುತ್ತ ಒಂದು ದಪ್ಪ ಬಿಳಿ ರಟ್ಟಿನ ಅಂಚು ಇಟ್ಟು ಫ್ರೇಮ್ ಹಾಕುವುದು. ಜನ ಅದನ್ನು ಅಂದಕ್ಕೆ ಮಾತ್ರ ಅಂದುಕೊಂಡಿದ್ದಾರೆ, ಆದರೆ ಗಾಜಿಗೂ ಕಾಗದಕ್ಕೂ ನಡುವೆ ಗಾಳಿ ಆಡಲಿಕ್ಕೆ ಜಾಗ ಮಾಡುವುದು ಅದರ ದೊಡ್ಡ ಕೆಲಸ.

ಏಸಿ ಹಾಕಿದರೆ ಆಯ್ತಲ್ಲ ಅನ್ನುತ್ತಾರೆ. ಹಗಲು ಹಾಕಿ ರಾತ್ರಿ ಆರಿಸುವ ಏಸಿ ಇನ್ನೂ ಕೆಟ್ಟದು. ದಿನಾ ಒಣಗಿ, ದಿನಾ ಒದ್ದೆಯಾಗಿ ಕ್ಯಾನ್ವಾಸ್ ಎಳೆದುಕೊಳ್ಳುತ್ತದೆ, ಸಡಿಲವಾಗುತ್ತದೆ, ಕೊನೆಗೆ ಬಣ್ಣ ಬಿರುಕು ಬಿಡುತ್ತದೆ. ದಪ್ಪ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ ತೇವವನ್ನು ನಿಧಾನಕ್ಕೆ ಹೀರಿ ನಿಧಾನಕ್ಕೆ ಬಿಡುವುದರಿಂದ ಏರಿಳಿತ ಅಷ್ಟು ಜೋರಾಗಿ ಆಗುವುದಿಲ್ಲ. ಅದೇ ಗೋಡೆಗೆ ಗಟ್ಟಿ ಆಗಲಿ ಅಂತ ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಎರಡು ಮಳೆಗಾಲದಲ್ಲಿ ಗೋಡೆ ಹಪ್ಪಳೆ ಏಳುತ್ತದೆ. ಹಳೇ ಮನೆ ರಿಪೇರಿ ಮಾಡಿಸುವವರು ಈ ಒಂದು ವಿಷಯ ಗ್ಯಾಲರಿ ನೋಡಿ ಕಲಿತರೂ ಸಾಕು.

ಚಿತ್ರ ನೋಡಲೆಂದೇ ಬರುವವರಿಗೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ಸೆಕೆಗೆ ನೀವೇ ಕರಗುತ್ತೀರಿ.

ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಖಂಡಿತ. ಓಡಬೇಡ ಅಂತ ಮೊದಲೇ ಹೇಳಿ, ಇದೇನು ಹೇಳು ನೋಡುವಾ ಅಂತ ಪರೀಕ್ಷೆ ಮಾಡಬೇಡಿ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಕೊಡಿ. ಪೆನ್ನು, ಕ್ರೇಯಾನ್ ಬೇಡ, ಹಳೇ ಗೋಡೆ ಸುಣ್ಣದ್ದು. ಮಕ್ಕಳಿಗೆ ಬೇಜಾರಾದ ಕೂಡಲೇ ಹೊರಗೆ ಅಂಗಳಕ್ಕೆ ಬಿಡಿ.

ಅಜ್ಜ ಅಜ್ಜಿಗೆ ಕಷ್ಟ ಆಗುತ್ತದಾ?

ಹಳೇ ಮನೆ ಅಂದರೆ ಎತ್ತರದ ಹೊಸ್ತಿಲು, ತಗ್ಗು ಬಾಗಿಲು, ಉಪ್ಪರಿಗೆ ಇದ್ದರೆ ಕಡಿದಾದ ಮರದ ಮೆಟ್ಟಿಲು. ಲಿಫ್ಟ್ ಹುಡುಕಬೇಡಿ. ಗಾಲಿಕುರ್ಚಿ ಇದ್ದರೆ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಒಂದು ಕುರ್ಚಿ ಕೇಳಿದರೆ ಎಲ್ಲಿಂದಾದರೂ ತಂದು ಹಾಕುತ್ತಾರೆ, ಅದರಲ್ಲಿ ನಮ್ಮೂರಿನವರು ಹಿಂದೆ ಬಿದ್ದವರಲ್ಲ. ಒಂದು ಗುಟ್ಟು: ಇಂಥ ಜಾಗದಲ್ಲಿ ಹಿರಿಯರೇ ಒಳ್ಳೆ ಗೈಡ್. ಈ ಗೂಡಿನಲ್ಲಿ ಏನಿಡುತ್ತಿದ್ದರು, ಈ ಕಿಟಕಿ ಯಾಕೆ ಇಷ್ಟು ಸಣ್ಣ ಅಂತ ಅವರು ಹೇಳುವುದು ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ಕಲಾವಿದರು ಅಲ್ಲೇ ಕೂತಿದ್ದರೆ ಏನು ಕೇಳಬೇಕು?

"ಇದರ ಅರ್ಥ ಏನು ಸಾರ್?" ಮಾತ್ರ ಬೇಡ. ಅದನ್ನು ಅವರು ಬೆಳಗ್ಗಿನಿಂದ ಕೇಳಿ ಸುಸ್ತಾಗಿರುತ್ತಾರೆ. ಯಾವ ಬಣ್ಣ, ಎಷ್ಟು ದಿನ ಹಿಡಿಯಿತು, ಮೊದಲು ಎಲ್ಲಿಂದ ಶುರು ಮಾಡಿದಿರಿ, ಈ ಮೂಲೆ ಯಾಕೆ ಖಾಲಿ ಬಿಟ್ಟಿರಿ ಅಂತ ಕೇಳಿ. ಕೈಕೆಲಸದ ಪ್ರಶ್ನೆ ಕೇಳಿದರೆ ಮುಖ ಅರಳುತ್ತದೆ. ಕೇಳಲು ಏನೂ ಇಲ್ಲದಿದ್ದರೆ ಸುಮ್ನೆ ನೋಡಿ ನಮಸ್ಕಾರ ಹೇಳಿ ಹೊರಡಿ, ಬೇಜಾರೇನೂ ಮಾಡಿಕೊಳ್ಳುವುದಿಲ್ಲ.

ಬೆಲೆ ಕೇಳಿದರೆ ತೆಗೆದುಕೊಳ್ಳಲೇಬೇಕಾ?

ಇಲ್ಲ. ಮೀನು ಮಾರ್ಕೆಟಿನಲ್ಲಿ ಅಂಜಲ್ ರೇಟು ಕೇಳಿ ಬಂಗುಡೆ ತರುವವರು ನಾವು, ಇಲ್ಲಿ ಯಾಕೆ ನಾಚಿಕೆ? ಬೆಲೆಪಟ್ಟಿ ಹೆಚ್ಚಾಗಿ ಮೇಜಿನ ಮೇಲೆ ಇರುತ್ತದೆ. ಚೀಟಿಯ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಮಾರಾಟ ಆಗಿದೆ ಅಂತ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 3/10 ಅಂತ ಬರೆದಿದ್ದರೆ ಅದು ಅಚ್ಚಿನ ಚಿತ್ರ, ಒಟ್ಟು ಹತ್ತು ಪ್ರತಿಯಲ್ಲಿ ಇದು ಮೂರನೆಯದು. ಲಿನೋ (ಮೆತ್ತನೆ ಹಾಳೆಯಲ್ಲಿ ಕೆತ್ತಿದ್ದು), ಮರದ ಅಚ್ಚು, ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಕೊರೆದದ್ದು) ಇವೆಲ್ಲ ಕಲಾವಿದರೇ ಅಚ್ಚು ಮಾಡಿ, ಕೈಯಿಂದ ಪ್ರತಿ ತೆಗೆಯುವಂಥವು. ಕ್ಯಾನ್ವಾಸಿಗಿಂತ ಅಗ್ಗಕ್ಕೆ ಸಿಗುತ್ತವೆ. ಮೊದಲ ಸಲ ಕೊಳ್ಳುವವರಿಗೆ ನಾನು ಅದನ್ನೇ ಹೇಳುವುದು. ಚೌಕಾಸಿ ಮಾಡಬಹುದಾ ಅಂದರೆ, ಮರ್ಯಾದೆಯಿಂದ ಒಂದು ಸಲ ಕೇಳಬಹುದು. ಎರಡನೇ ಸಲ ಬೇಡ.

ಇದು ಕೈಯಿಂದ ಮಾಡಿದ ಚಿತ್ರವಾ, ಮೆಷಿನ್ ಪ್ರಿಂಟಾ ಅಂತ ಗೊತ್ತಾಗುವುದು ಹೇಗೆ?

ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಬಣ್ಣದ ತುಂಬ ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಪ್ರಿಂಟ್. ಕುಂಚದ ಗೆರೆ ಇದ್ದರೆ ಪಕ್ಕದಿಂದ ಬೆಳಕಿಗೆ ಓರೆಯಾಗಿ ನೋಡಿ, ಬಣ್ಣದ ಏರುತಗ್ಗು ಕಾಣಬೇಕು. ಪ್ರಿಂಟ್ ಅಂದರೆ ಕೀಳು ಅಂತಲ್ಲ. ನಮ್ಮ ಎಷ್ಟೋ ಮನೆಯ ದೇವರಕೋಣೆಯಲ್ಲಿ ಇರುವ ಲಕ್ಷ್ಮಿ, ಸರಸ್ವತಿ ಹುಟ್ಟಿದ್ದೇ ರವಿವರ್ಮನ ಚಿತ್ರಗಳನ್ನು ಅಚ್ಚು ಹಾಕಲು 1894ರಲ್ಲಿ ಮುಂಬೈಯಲ್ಲಿ ಶುರುವಾದ ಪ್ರೆಸ್ಸಿನಿಂದ. ಪ್ರಿಂಟನ್ನು ಪ್ರಿಂಟ್ ಅಂತ ಹೇಳಿ ಮಾರಬೇಕು, ಅಷ್ಟೇ.

ಕೊಂಡ ಚಿತ್ರವನ್ನು ಮನೆಯಲ್ಲಿ ಎಲ್ಲಿ ಹಾಕಲಿ?

ಪಶ್ಚಿಮದ ಹೊರಗೋಡೆಗೆ ಹಾಕಬೇಡಿ. ನಮ್ಮ ಕಡೆ ಮಳೆ ಬಡಿಯುವುದು ಸಮುದ್ರದ ಕಡೆಯಿಂದಲೇ. ಒಳಗೋಡೆ ಒಳ್ಳೆಯದು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಸಣ್ಣ ಬಿರಡೆ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಕಪಾಟಿನೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟು ಮರೆಯುವುದು ಎಲ್ಲಕ್ಕಿಂತ ಕೆಟ್ಟದು.

ಅದೇ ದಿನ ಮಂಗಳೂರಿನಲ್ಲಿ ಇನ್ನೇನು ನೋಡಬಹುದು?

ಎರಡು ಜಾಗ. ಮೊದಲನೆಯದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ಗೋಡೆ, ಮಾಡು ಎಲ್ಲ ಚಿತ್ರದಿಂದ ತುಂಬಿಸಿದರು. ಗೋಡೆಯದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅವತ್ತು ಬಳಿದ ಗಾರೆಯ ಚಿತ್ರ ಅವತ್ತೇ ಮುಗಿಯಬೇಕು. ಮೇಲ್ಗಡೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ನಮ್ಮ ಹವೆ ಇವನ್ನೂ ಬಿಡಲಿಲ್ಲ. 1990ರ ದಶಕದಲ್ಲಿ ಇಂಟ್ಯಾಕ್‌ನವರು ಇವನ್ನು ಸರಿಪಡಿಸಿದರು. ಅದು ಪ್ರಾರ್ಥನೆಯ ಜಾಗ, ಮಾತು ಮೆಲ್ಲಗಿರಲಿ. ಕ್ಯಾಮೆರಾ ತೆಗೆಯುವ ಮೊದಲು ಬೋರ್ಡ್ ಓದಿ.

ಎರಡನೆಯದು ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್‌ಕರ್ ಅನ್ನುವವರು ತಮ್ಮ ತಾಯಿಯ ನೆನಪಿಗೆ ಕೊಟ್ಟ ಬಂಗಲೆ, ಹಡಗಿನ ಆಕಾರದಲ್ಲಿದೆ. 1960ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬಸ್‌ಸ್ಟ್ಯಾಂಡಿನಿಂದ ಹತ್ತಿರ, ಆದರೂ ಊರಿನವರೇ ಜಾಸ್ತಿ ಹೋಗುವುದಿಲ್ಲ. ಒಳಗಿನ ನಾಣ್ಯ, ಕಂಚು, ಪಿಂಗಾಣಿಗಿಂತ ನನಗೆ ಆ ಕಟ್ಟಡವೇ ಇಷ್ಟ.

ನಾವು ಉಡುಪಿಯವರು. ನಮ್ಮಲ್ಲಿ?

ಮಣಿಪಾಲದಲ್ಲಿ ಹೆಬ್ಬಾರರ ಹೆಸರಿನದೇ ಗ್ಯಾಲರಿ ಇದೆ. ಅಲ್ಲೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕೂಡ ಇದೆ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳಲ್ಲಿ ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು, ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು. ಅಲ್ಲಿ ಟಿಕೆಟ್ ಇದೆ, ಗೈಡ್ ಜೊತೆ ತಿರುಗಬೇಕು, ಅರ್ಧ ದಿನ ಇಟ್ಟುಕೊಂಡೇ ಹೋಗಿ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ, ಮರದಲ್ಲಿ ಕೆತ್ತಿದ ಹಳೇ ಭೂತದ, ಅಂದರೆ ದೈವದ, ವಿಗ್ರಹಗಳನ್ನು ನೋಡಬೇಕೆಂದರೆ ಮಾತ್ರ ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂಗೆ ಹೋಗಬೇಕು. ನಮ್ಮ ಊರಿನ ಅಷ್ಟೆತ್ತರದ ಕೆತ್ತನೆಗಳು ಅಲ್ಲಿ ನಿಂತಿವೆ. ಉಳಿದಿವೆಯಲ್ಲ ಅನ್ನುವ ಸಮಾಧಾನ, ದೂರ ಹೋಗಿವೆಯಲ್ಲ ಅನ್ನುವ ಸಂಕಟ, ಎರಡೂ ಇದೆ.

ಬೆಂಗಳೂರು, ಮೈಸೂರಿಗೆ ಹೋದಾಗ ಇಂಥದ್ದು ಸಿಗುತ್ತದಾ?

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಸೋಮವಾರ ರಜೆ. ಹಳೇ ಬಂಗಲೆಗೆ ಹೊಸ ಭಾಗ ಸೇರಿಸಿದ್ದು ಹೇಗೆ ಅಂತ ನೋಡಲಿಕ್ಕಾದರೂ ಹೋಗಿ. ಮೈಸೂರಿನ ಜಗನ್ಮೋಹನ ಅರಮನೆ 1861ರದು, 1915ರಿಂದ ಅಲ್ಲಿ ಚಿತ್ರಶಾಲೆ. ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರ ಅಲ್ಲಿರುವುದು. ಅದನ್ನು ರವಿವರ್ಮನದು ಅಂತ ಹೇಳುವವರು ಈಗಲೂ ಸಿಗುತ್ತಾರೆ. ಬರೆದದ್ದು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ.

ನಾನೂ ಚಿತ್ರ ಬರೆಯುತ್ತೇನೆ. ನನ್ನ ಪ್ರದರ್ಶನ ಮಾಡಬಹುದಾ?

ಕೇಳಿ ನೋಡಿ. ಖಾಲಿ ಕೈಯಲ್ಲಿ ಹೋಗಬೇಡಿ. ಹತ್ತು ಹದಿನೈದು ಕೆಲಸದ ಒಳ್ಳೆ ಫೋಟೋ, ಅಳತೆ, ಯಾವ ಬಣ್ಣ ಅನ್ನುವ ಪಟ್ಟಿ ಇರಲಿ. ಮೊದಲು ಖಾಲಿ ಇರುವಾಗ ಆ ಕೋಣೆಗಳನ್ನು ನೋಡಿಕೊಂಡು ಬನ್ನಿ. ಆರಡಿ ಕ್ಯಾನ್ವಾಸ್ ಹಳೇ ಮನೆಯ ಬಾಗಿಲಲ್ಲಿ ತೂರುತ್ತದಾ ಅಂತ ಉದ್ಘಾಟನೆಯ ಹಿಂದಿನ ರಾತ್ರಿ ನೋಡುವ ವಿಷಯವಲ್ಲ. ಮೊದಲ ಸಲವಾದರೆ ನಾಲ್ಕೈದು ಜನ ಸೇರಿ ಮಾಡಿ, ಖರ್ಚೂ ಹಂಚಿಹೋಗುತ್ತದೆ, ಕೂರುವ ಪಾಳಿಯೂ.

ಪ್ರದರ್ಶನದ ಸುದ್ದಿ ಎಲ್ಲಿ ಸಿಗುತ್ತದೆ?

ಪತ್ರಿಕೆಗಳ ಸ್ಥಳೀಯ ಪುಟದಲ್ಲಿ "ಇಂದಿನ ಕಾರ್ಯಕ್ರಮ" ಅನ್ನುವ ಸಣ್ಣಕ್ಷರದ ಕಾಲಂ ಇರುತ್ತದಲ್ಲ, ಅದರಲ್ಲಿ. ಗ್ಯಾಲರಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ. ಇನ್ನೂ ಸುಲಭ ಅಂದರೆ ಬಾಗಿಲ ಹತ್ತಿರದ ಆ ಪುಸ್ತಕ. ಹೆಸರಿನ ಜೊತೆ ಫೋನ್ ನಂಬರೂ ಬರೆದಿಡಿ, ಮುಂದಿನ ಸಲ ಮೆಸೇಜ್ ಬಂದರೂ ಬರಬಹುದು. ಅಭಿಪ್ರಾಯದ ಜಾಗದಲ್ಲಿ "ಚೆನ್ನಾಗಿದೆ" ಅಂತ ಎಲ್ಲರೂ ಬರೆಯುತ್ತಾರೆ. ಯಾವ ಚಿತ್ರ ಅಂತಲೂ ಬರೆಯಿರಿ.